ಗಿರಿಯ ಮೂಡಣ ಸೀಮೆ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಮಂಜು, ಜಡಿಮಳೆ ನೆನಪಾಗುತ್ತವೆ. ಆದರೆ 1947ರವರೆಗೆ ಈ ಜಿಲ್ಲೆಗೆ ಇದ್ದದ್ದು ಬಯಲುಸೀಮೆಯ ಊರಿನ ಹೆಸರು: ಕಡೂರು.

ಬಾಬಾಬುಡನ್‌ಗಿರಿ ಸಾಲು ಮುಂಗಾರಿನ ಮೋಡಗಳನ್ನು ಪಡುವಣದಲ್ಲೇ ತಡೆಯುತ್ತದೆ. ಅದರ ಮೂಡಣಕ್ಕಿರುವ ಕಡೂರು, ಅಜ್ಜಂಪುರಗಳಿಗೆ ಬರುವುದು ಅಳಿದುಳಿದ ಮಳೆ. ತರೀಕೆರೆ ಮಾತ್ರ ಎರಡು ಸೀಮೆಗೂ ಸೇರಿದ್ದು. ಒಂದು ಕಡೆ ಕೆಮ್ಮಣ್ಣುಗುಂಡಿಯ ಕಾಡು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಇನ್ನೊಂದು ಕಡೆ ಬಯಲಿನ ಅಡಿಕೆ ತೋಟ.

ಬೆಟ್ಟದ ಮೇಲೆ ಬಿದ್ದ ನೀರನ್ನು ಹಿಡಿದಿಟ್ಟುಕೊಳ್ಳುವುದನ್ನು ಈ ಜನ ಬಲು ಹಿಂದೆಯೇ ಕಲಿತರು. ಗಿರಿಯಿಂದಿಳಿಯುವ ಗೌರಿಹಳ್ಳಕ್ಕೆ ಸಖರಾಯಪಟ್ಟಣದ ಬಳಿ ಏರಿ ಕಟ್ಟಿ ಅಯ್ಯನಕೆರೆ ಮಾಡಿದರು. ಹೊಯ್ಸಳರ ಕಾಲದಲ್ಲೇ, 1156ರಲ್ಲಿ, ಅದು ಜೀರ್ಣೋದ್ಧಾರ ಕಂಡಿತು ಎಂದರೆ ಕೆರೆ ಎಷ್ಟು ಹಳೆಯದೆಂದು ಊಹಿಸಬಹುದು. ಇಲ್ಲಿಂದ ಹೊರಟ ವೇದಾ, ಮದಗದಕೆರೆ ತುಂಬಿಸಿ ಬರುವ ಆವತಿಯನ್ನು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ ತುಂಬುವುದು ಇದೇ ನೀರಿನಿಂದ. ಹಾಗಾಗಿ ಈ ಕೆರೆಗಳು ಕೋಡಿ ಬಿದ್ದ ವರ್ಷ ಇಲ್ಲಿ ಬಾಗಿನ ಅರ್ಪಿಸುವ ಸಂಭ್ರಮ. ತರೀಕೆರೆಯ ಏರಿಯಂತೂ, ಅದರ ಮೇಲೆ ಮೇಯುವ ಮೂರು ಕರಿ ಕುರಿಮರಿಗಳಿಂದಾಗಿ, ನಾಲಗೆ ಹೊರಳಿಸಲು ಕಲಿಯುವ ಎಲ್ಲ ಕನ್ನಡ ಮಕ್ಕಳಿಗೂ ಗೊತ್ತು!

ತರೀಕೆರೆಯ ಪಾಳೆಯಗಾರರು 1830ರ ನಗರ ಸೀಮೆಯ ರೈತ ದಂಗೆಯಲ್ಲಿ ಮುಂದೆ ನಿಂತವರು. ಆ ದಂಗೆಯನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತ ಕಸಿದುಕೊಂಡರು.

ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇಗುಲವಿದೆ. ಮುಖಮಂಟಪದ ತೆಂಕಣ ಗೋಡೆಯ ರಾಮಾಯಣವನ್ನು ನೋಡಬೇಕಾದವರು ಅಪ್ರದಕ್ಷಿಣೆಯಾಗಿ ನಡೆಯಬೇಕು. ಶಿಲ್ಪಿಗಳು ಕತೆಯನ್ನು ಆ ದಿಕ್ಕಿಗೇ ಕೆತ್ತಿದ್ದಾರೆ. ಬೇಲೂರು, ಹಳೇಬೀಡಿಗೆ ಹೋಗುವವರಲ್ಲಿ ಕಾಲುಭಾಗದಷ್ಟಾದರೂ ಇತ್ತ ಬರಬೇಕು.

ತರೀಕೆರೆಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಅಜ್ಜಂಪುರದ ಹಿರಿಮೆ ಈರುಳ್ಳಿ ಮತ್ತು ಅಮೃತಮಹಲ್ ದನ. ಮೈಸೂರು ಒಡೆಯರ ಬೆಣ್ಣೆ ಚಾವಡಿ ಎಂಬ ಪಶು ಇಲಾಖೆಯ ಈ ತಳಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಫಿರಂಗಿ ಎಳೆದು ದೂರ ದೂರ ನಡೆಯುವ ಇವುಗಳ ಕಸುವನ್ನು ಬ್ರಿಟಿಷ್ ಸೇನಾನಿ ವೆಲ್ಲಿಂಗ್ಟನ್ ಕೂಡ ಮೆಚ್ಚಿದ್ದ. ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಈ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಕಡೂರು ಬಳಿಯ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ. 2011ರಲ್ಲಿ ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು.

ಮರವಿಲ್ಲದ ಕಾವಲನ್ನು ಪಾಳುಭೂಮಿ ಎಂದು ಬರೆದು ಬೇರೆ ಕೆಲಸಕ್ಕೆ ಕೊಡುವ ಚಾಳಿ ನಿಲ್ಲಬೇಕು. ಉಳಿದಿರುವ ಕಾವಲುಗಳಿಗೂ ಬಾಸೂರಿನಂಥದೇ ರಕ್ಷಣೆ ಸಿಗಲಿ.