ಜರ್ಮನಿಯಲ್ಲಿ ಮ್ಯಾನೇಜ್‌ಮೆಂಟ್ ಓದು: ಕೇಳಿದ್ದೆಷ್ಟು, ನಿಜವೆಷ್ಟು?

ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದ್ದೇ ದೊಡ್ಡ ಗುಂಪು. ಅವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಕಡೆಯವರು. ಹಾಗಾಗಿ ನಮ್ಮ ಊರುಗಳಲ್ಲಿ ಕೇಳಿಬರುವ ಜರ್ಮನಿಯ ಸುದ್ದಿಯೆಲ್ಲ ಅವರ ಅನುಭವದಿಂದ ಬಂದದ್ದು. ಇಂಟರ್‌ನ್ಯಾಷನಲ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆನ್ನುವವರು ಅದೇ ಸುದ್ದಿಯನ್ನು ನಂಬಿ ಹೊರಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

‘ಜರ್ಮನಿಯಲ್ಲಿ ಫೀಸೇ ಇಲ್ಲ’

ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಇದು ನಿಜ. ಅಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್‌ಗೊಮ್ಮೆ ಸಣ್ಣದೊಂದು ವಂತಿಗೆ ಕಟ್ಟಿದರೆ ಆಯಿತು. ಆದರೆ ಮ್ಯಾನೇಜ್‌ಮೆಂಟ್ ಓದಿಗೆ ಹೆಸರಾದ ಮನ್‌ಹೈಮ್ ವಿಶ್ವವಿದ್ಯಾಲಯ ಇರುವುದು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ. ಆ ರಾಜ್ಯ 2017ರಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಇಂಥ ಶುಲ್ಕ ತಂದಿದೆ. ಸ್ನಾತಕೋತ್ತರ ಕೋರ್ಸಿಗೆ ಅದು ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಕೆಲಸದ ಅನುಭವ ಇದ್ದವರಿಗೆಂದೇ ರೂಪಿಸಿದ ಎಂಬಿಎಗೆ ಸರ್ಕಾರಿ ವಿಶ್ವವಿದ್ಯಾಲಯಗಳೂ ಫೀಸು ಹಾಕುತ್ತವೆ. ಇನ್ನು ಖಾಸಗಿ ಬಿಸಿನೆಸ್ ಸ್ಕೂಲುಗಳಲ್ಲಂತೂ ಪೂರ್ತಿ ಕೋರ್ಸಿನ ಫೀಸು ಹತ್ತು ಸಾವಿರ ಯೂರೋ ದಾಟುವುದು ಮಾಮೂಲು.

ಇದಲ್ಲದೆ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿನ ಹಣ ಬ್ಲಾಕ್ಡ್ ಅಕೌಂಟಿನಲ್ಲಿ ಇರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯೂರೋಗೆ ಏರಿತು. ಈ ದುಡ್ಡು ಸರ್ಕಾರದ ಪಾಲಾಗುತ್ತದೆ ಎಂದು ಹೆದರುವ ಪೋಷಕರಿದ್ದಾರೆ. ಹಾಗಾಗುವುದಿಲ್ಲ. ಅದು ನಿಮ್ಮ ಮಕ್ಕಳದ್ದೇ ಹಣ, ತಿಂಗಳಿಗೆ 992 ಯೂರೋದಂತೆ ಅವರ ಕೈಗೇ ಬರುತ್ತದೆ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಅಷ್ಟರಲ್ಲೇ ನಡೆಯಬೇಕು. ಮ್ಯೂನಿಕ್‌ನಂಥ ಊರಿನ ಬಾಡಿಗೆಯಲ್ಲಿ ಈ ಮೊತ್ತ ಸಾಲುವುದು ಕಷ್ಟ.

‘ಯಾವ ಡಿಗ್ರಿ ಆದರೂ ಮ್ಯಾನೇಜ್‌ಮೆಂಟ್ ಸಿಗುತ್ತದೆ’

ನಮ್ಮಲ್ಲಿ ಬಿ.ಇ. ಮುಗಿಸಿ ಎಂಬಿಎ ಸೇರುವುದು ವಾಡಿಕೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಅದೇ ವಿಷಯದ ಪದವಿಯ ಮುಂದುವರಿಕೆ. ಲೆಕ್ಕಶಾಸ್ತ್ರ, ಹಣಕಾಸು, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳಲ್ಲಿ ಇಂತಿಷ್ಟು ಕ್ರೆಡಿಟ್ ಓದಿರಲೇಬೇಕೆಂದು ಪ್ರವೇಶ ನಿಯಮದಲ್ಲೇ ಬರೆದಿರುತ್ತಾರೆ. ಇಲ್ಲಿ ಬಿ.ಕಾಂ., ಬಿಬಿಎ ಓದಿದವರಿಗೆ ಅನುಕೂಲ ಹೆಚ್ಚು. ತೊಂಬತ್ತು ಪರ್ಸೆಂಟ್ ತೆಗೆದ ಮೆಕ್ಯಾನಿಕಲ್ ಹುಡುಗನ ಅರ್ಜಿ ಬದಿಗೆ ಹೋಗಿ, ಅವನಿಗಿಂತ ಕಡಿಮೆ ಅಂಕದ ಬಿ.ಕಾಂ. ಹುಡುಗಿಯ ಅರ್ಜಿ ಪರಿಶೀಲನೆಗೆ ಬರಬಹುದು. ಹಾಗೆಂದು ಎಂಜಿನಿಯರುಗಳಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಮಾಸ್ಟರ್ ಇನ್ ಮ್ಯಾನೇಜ್‌ಮೆಂಟ್ ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದಿದವರನ್ನೇ ಗಮನದಲ್ಲಿಟ್ಟುಕೊಂಡ ಕೋರ್ಸು. ಆದರೆ ಮೇಲೆ ಹೇಳಿದ ಫೀಸು ಅಲ್ಲಿ ಉಂಟು.

ಅಂಕದ ಲೆಕ್ಕವೂ ಬೇರೆ. ಅಲ್ಲಿ 1 ಅತ್ಯುತ್ತಮ, 4 ಪಾಸು. ನಿಮ್ಮ ಕಾಲೇಜಿನ ಗರಿಷ್ಠ ಅಂಕ 10, ಪಾಸಿನ ಅಂಕ 4, ನೀವು ಪಡೆದದ್ದು 7.6 ಎಂದುಕೊಳ್ಳಿ. ಹತ್ತರಿಂದ 7.6 ಕಳೆದರೆ 2.4; ಅದನ್ನು ಆರರಿಂದ, ಅಂದರೆ ಹತ್ತಕ್ಕೂ ನಾಲ್ಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಬಂದ 2.2 ನಿಮ್ಮ ಜರ್ಮನ್ ಗ್ರೇಡ್. ಎಷ್ಟು ಗ್ರೇಡ್ ಬೇಕು ಎಂಬುದನ್ನು ಕೋರ್ಸಿನ ಪುಟದಲ್ಲಿ ನೋಡಿ ಇದರೊಂದಿಗೆ ಹೋಲಿಸಿದರೆ, ಅರ್ಜಿ ಹಾಕುವುದು ದಂಡವೋ ಅಲ್ಲವೋ ಮನೆಯಲ್ಲೇ ಗೊತ್ತಾಗುತ್ತದೆ.

‘ಫೇಲಾದರೆ ಮತ್ತೆ ಕಟ್ಟಿದರಾಯಿತು’

ಇದು ತಪ್ಪೆಂದು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ನಮ್ಮಲ್ಲಿ ಬ್ಯಾಕ್‌ಲಾಗ್ ಉಳಿದರೆ ವರ್ಷಗಟ್ಟಲೆ ಪರೀಕ್ಷೆ ಕಟ್ಟುತ್ತಾ ಇರಬಹುದು. ಅಲ್ಲಿ ಕಡ್ಡಾಯ ವಿಷಯವೊಂದಕ್ಕೆ ಇರುವುದು ಸಾಮಾನ್ಯವಾಗಿ ಮೂರೇ ಅವಕಾಶ. ಮೂರರಲ್ಲೂ ತಪ್ಪಿದರೆ ದಾಖಲಾತಿ ರದ್ದಾಗುತ್ತದೆ. ಅದೇ ಕೋರ್ಸನ್ನು ಜರ್ಮನಿಯ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ, ವೀಸಾಕ್ಕೂ ಸಂಚಕಾರ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆಯೆಂದು ಮೊದಲ ಸೆಮಿಸ್ಟರ್‌ನಲ್ಲೇ ಗೋದಾಮಿನ ರಾತ್ರಿ ಪಾಳಿಗೆ ಇಳಿಯುವವರು ಇದನ್ನು ಮರೆಯಬಾರದು.

‘ಕೋರ್ಸು ಇಂಗ್ಲಿಷಿನಲ್ಲಿದೆ, ಜರ್ಮನ್ ಯಾಕೆ?’

ತರಗತಿಗೆ ಬೇಡ, ಕೆಲಸಕ್ಕೆ ಬೇಕು. ಸಾಫ್ಟ್‌ವೇರ್ ಬರೆಯುವವರಿಗೆ ಇಂಗ್ಲಿಷಿನಲ್ಲೇ ಕೆಲಸ ಸಿಗುವುದುಂಟು. ಮ್ಯಾನೇಜ್‌ಮೆಂಟ್‌ನವರ ಕೆಲಸವೇ ಮಾತು: ಗ್ರಾಹಕರ ಜೊತೆ, ಪೂರೈಕೆದಾರರ ಜೊತೆ, ತಮ್ಮ ಕೈಕೆಳಗಿನವರ ಜೊತೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅವಕಾಶ ಸಿಗುತ್ತದೆ. ಭಾಷೆಯನ್ನು ಆಗ ಕಲಿಯಲು ಕೂತರೆ ಆ ಕಾಲ ಸಾಲುವುದಿಲ್ಲ. ಬಿ1 ಮಟ್ಟವನ್ನಾದರೂ ಇಲ್ಲೇ, ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

‘ಸೆಮ್ಸ್‌ಗೆ ನೇರವಾಗಿ ಅರ್ಜಿ ಹಾಕಬಹುದು’

ಆಗುವುದಿಲ್ಲ. ಸೆಮ್ಸ್ ಎಂದರೆ ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಗಳ ಒಕ್ಕೂಟ. 1988ರಲ್ಲಿ ಕಲೋನ್ ವಿಶ್ವವಿದ್ಯಾಲಯ, ಬೊಕೋನಿ, ಎಚ್‌ಇಸಿ ಪ್ಯಾರಿಸ್ ಮತ್ತು ಎಸಾಡೆ ಸೇರಿ ಕಟ್ಟಿದ ಈ ಒಕ್ಕೂಟದ ಇಂಟರ್‌ನ್ಯಾಷನಲ್ ಮ್ಯಾನೇಜ್‌ಮೆಂಟ್ ಪದವಿ ಸಿಗುವುದು ಸದಸ್ಯ ಸಂಸ್ಥೆಯಲ್ಲಿ ಆಗಲೇ ಓದುತ್ತಿರುವವರಿಗೆ ಮಾತ್ರ. ಭಾರತದಲ್ಲಿ ಐಐಎಂ ಕಲ್ಕತ್ತಾ ಇದರ ಸದಸ್ಯ, ಅಂದರೆ ಐಐಎಂ ಪ್ರವೇಶ ಪರೀಕ್ಷೆಯಾದ ಸಿಎಟಿ ಬರೆದು ಹೋಗುವ ದಾರಿಯೂ ಒಂದಿದೆ.

‘ಕನ್ಸಲ್ಟೆನ್ಸಿ ಇಲ್ಲದೆ ಆಗುವುದಿಲ್ಲ’

ಏಜೆಂಟರಿಗೆ ಕಮಿಷನ್ ಬರುವುದು ಹೆಚ್ಚಾಗಿ ಖಾಸಗಿ ಸಂಸ್ಥೆಗಳಿಂದ. ಅವರು ತೋರಿಸುವ ಪಟ್ಟಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ವಿರಳವಾಗಿರಲು ಅದೂ ಒಂದು ಕಾರಣ. ಅರ್ಜಿಯ ಕೆಲಸ ಪದವೀಧರರ ಕೈಮೀರಿದ್ದೇನೂ ಅಲ್ಲ. ಅನೇಕ ವಿಶ್ವವಿದ್ಯಾಲಯಗಳಿಗೆ ಯೂನಿ-ಅಸಿಸ್ಟ್ ಎಂಬ ಅರ್ಜಿ ಸೇವೆಯ ಮೂಲಕ ಅರ್ಜಿ ಹೋಗುತ್ತದೆ: ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರ್‌ನ ನಂತರದ ಪ್ರತಿಯೊಂದಕ್ಕೆ 30. ಶೈಕ್ಷಣಿಕ ದಾಖಲೆಗಳು ಅಸಲಿ ಎಂದು ದೃಢೀಕರಿಸುವ, 2022ರ ನವೆಂಬರ್‌ನಿಂದ ವೀಸಾಕ್ಕೆ ಕಡ್ಡಾಯವಾಗಿರುವ ಎಪಿಎಸ್ ಪ್ರಮಾಣಪತ್ರಕ್ಕೂ ನೀವೇ ಅರ್ಜಿ ಹಾಕಬಹುದು. ತಿಂಗಳುಗಳ ಮೊದಲೇ ಹಾಕಿ. ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್‌ನ ಜಾಲತಾಣದಲ್ಲಿ ಇಂಗ್ಲಿಷ್ ಕೋರ್ಸುಗಳ ಪಟ್ಟಿ ಫೀಸಿನ ವಿವರದೊಂದಿಗೆ ಉಚಿತವಾಗಿ ಸಿಗುತ್ತದೆ. ಸಾಲಕ್ಕೆಂದು ಮನೆ ಸೈಟಿನ ಪತ್ರ ಬ್ಯಾಂಕಿಗೆ ಕೊಡುವ ಮೊದಲು, ಅಪ್ಪ-ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಪಟ್ಟಿಯನ್ನು ಒಮ್ಮೆ ಪೂರ್ತಿ ನೋಡಿ.