ಕಡಲಾಳದ ಚಿತ್ರಕ್ಕೊಬ್ಬ ನಾಯಕ

ನೀರಿನಡಿ ಕ್ಯಾಮೆರಾ ಒಯ್ದವರಿಗೆ ಮೊದಲ ತೊಡಕು ಬಣ್ಣದ್ದು. ಬೆಳಕಿನಲ್ಲಿರುವ ಕೆಂಪನ್ನು ನೀರು ಬೇಗ ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹವಳವೂ ಮಂಕಾಗಿರುತ್ತದೆ. ದೀಪ ಹಿಡಿದರೆ ಬಣ್ಣ ಮರಳುತ್ತದೆ, ನಿಜ. ಆದರೆ ಬರಿಯ ಮೀನಿನ ಹಿಂಡನ್ನು ಎಷ್ಟು ಹೊತ್ತು ನೋಡಲಾದೀತು?

ಫ್ರಾನ್ಸಿನ ಜಾಕ್ ಕುಸ್ತೋ ಇದಕ್ಕೆ ಕಂಡುಕೊಂಡ ಉತ್ತರ ಒಂದೇ ಒಂದು ಮೀನು. 1943ರಲ್ಲಿ ಎಮಿಲ್ ಗಾನ್ಯಾನ್ ಜೊತೆಗೂಡಿ ‘ಆಕ್ವಾಲಂಗ್’ ಎಂಬ ಉಸಿರಾಟದ ಸಾಧನ ರೂಪಿಸಿದವರು ಇವರೇ. ಲೂಯಿ ಮಾಲ್ ಜೊತೆ ನಿರ್ದೇಶಿಸಿದ ‘ದಿ ಸೈಲೆಂಟ್ ವರ್ಲ್ಡ್’ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಹಿಂದೂ ಮಹಾಸಾಗರದ ಅಸಂಪ್ಷನ್ ದ್ವೀಪದ ಬಳಿ ಸಿಕ್ಕ ಆ ದೊಡ್ಡ ಗ್ರೂಪರ್ ಮೀನಿಗೆ ತಂಡದವರು ಜೋಜೋ ಎಂದು ಹೆಸರಿಟ್ಟರು. ಕೈಯಿಂದಲೇ ಆಹಾರ ಕಸಿದು, ಚಿತ್ರೀಕರಣಕ್ಕೆ ಅಡ್ಡ ಬಂದು, ಕಡೆಗೆ ಶಾರ್ಕ್‌ಗಳಿಂದ ರಕ್ಷಿಸಿಕೊಳ್ಳುವ ಪಂಜರದಲ್ಲಿ ಅದೇ ಬಂದಿಯಾಯಿತು! ಇದ್ದಕ್ಕಿದ್ದಂತೆ ಕಡಲಿಗೊಂದು ಕಥೆ ಸಿಕ್ಕಿತ್ತು.

ಅದೇ ಚಿತ್ರದಲ್ಲಿ, ಮೀನುಗಳ ಲೆಕ್ಕಕ್ಕೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಸಿಡಿಸುತ್ತಾರೆ. ಹಡಗಿನವರು ಶಾರ್ಕ್‌ಗಳನ್ನು ಮೇಲೆಳೆದು ಕೊಚ್ಚುತ್ತಾರೆ. ಅಂದು ರೋಚಕವೆನಿಸಿದ್ದು ಇಂದು ನೋಡಲಾಗದು. ಕುಸ್ತೋ ಅವರೂ ಮುಂದೆ ಕಡಲ ರಕ್ಷಣೆಗೆ ದನಿಯೆತ್ತಿದರು. ಜೋಜೋಗೆ ಮಾಡಿದಂತೆ ಮೀನಿಗೆ ಉಣಿಸಿ ಪಳಗಿಸುವುದನ್ನು ಈಗ ಹಲವು ಸಂರಕ್ಷಿತ ಕಡಲುಗಳಲ್ಲಿ ನಿಷೇಧಿಸಲಾಗಿದೆ.