ನಗುತ್ತಾ ತಿಳಿಯೋಣ: ಊರಿನ ಆಟದಲ್ಲಿ ಬಡ್ಡಿಯ ಲೆಕ್ಕ



ಬಡ್ಡಿ, ಮತ, ತೆರಿಗೆ ಮುಂತಾದ ವಿಷಯಗಳ ಮೇಲೆ ಭಾಷಣವೊಂದನ್ನು ಏರ್ಪಡಿಸಿದರೆ ನಿಮ್ಮ ಊರಿನಲ್ಲಿ ಎಷ್ಟು ಜನ ಸೇರುತ್ತಾರೆ? ಮುಂದೆ ನಾಲ್ವರು ಹಿರಿಯರು, ಹಿಂದೆ ಒಂದಿಷ್ಟು ಮಕ್ಕಳು. ಅದೇ ಊರಿನಲ್ಲಿ ಬಯಲಾಟವಿದೆಯೆಂದರೆ ನೆರೆಹಳ್ಳಿಯವರೂ ಚಾಪೆ ಹಿಡಿದು ಬರುತ್ತಾರೆ. ಹಾಗಾದರೆ ತಿಳಿಯಬೇಕಾದ ಸಂಗತಿಯನ್ನು ಆಟದೊಳಗೇ ಏಕೆ ಸೇರಿಸಬಾರದು?

ಇದೇನೂ ಹೊಸ ಉಪಾಯವಲ್ಲ. ಯಕ್ಷಗಾನದಲ್ಲಿ ರಾಜನ ವೇಷದವರು ಗಂಭೀರವಾಗಿ ಮಾತನಾಡಿದರೆ, ದೂತನಾಗಿ ಬರುವ ಹಾಸ್ಯಗಾರ ಅದನ್ನು ಆಡುಮಾತಿಗೆ ಇಳಿಸುತ್ತಾನೆ. ನಡುವೆ ಊರಿನ ಸಂಗತಿಯೊಂದನ್ನೂ ಆಡಿಬಿಡುತ್ತಾನೆ. ವೈದ್ಯರಾಗಿದ್ದ ರಾ. ಶಿ. (ಡಾ. ಎಂ. ಶಿವರಾಂ) ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಮಾಸಪತ್ರಿಕೆ 1967ರವರೆಗೆ ನಗೆಯ ಮೂಲಕವೇ ಸಮಾಜದ ಓರೆಕೋರೆಗಳನ್ನು ತೋರಿಸಿತು. ರಂಗಭೂಮಿಯಲ್ಲಿ ಮಾಸ್ಟರ್ ಹಿರಣ್ಣಯ್ಯ (1934-2019) ಅವರ 'ಲಂಚಾವತಾರ' ನಾಟಕ ಸಾವಿರಾರು ಪ್ರಯೋಗ ಕಂಡಿತು. ಆಯಾ ಕಾಲದ ರಾಜಕೀಯ ಸುದ್ದಿಯನ್ನು ಪಾತ್ರದ ಮಾತಿನಲ್ಲಿ ಸೇರಿಸಿ ಅಧಿಕಾರದಲ್ಲಿದ್ದವರನ್ನು ಕುಟುಕುವುದು ಅವರ ರೂಢಿಯಾಗಿತ್ತು. ಕಚೇರಿಯಲ್ಲಿ ಬಾಯಿ ತೆರೆಯಲು ಅಂಜುವ ಮನುಷ್ಯನೂ ನಾಟಕದಲ್ಲಿ ಹತ್ತು ಜನರ ಜೊತೆ ಕುಳಿತು ಲಂಚಕೋರನನ್ನು ಕಂಡು ನಗಬಲ್ಲ. ನಗುವಿನಿಂದ ಆಗುವ ಮೊದಲ ಉಪಕಾರವೇ ಇದು, ಅಂಜಿಕೆ ಕಳೆಯುತ್ತದೆ.

ಅಂಜಿಕೆ ಕಳೆದರಷ್ಟೇ ಸಾಲದು, ತಿಳಿವಳಿಕೆಯೂ ಬರಬೇಕು. ಅದಕ್ಕೆ ಆಟದಲ್ಲಿ ಸರಿಯಾದ ಲೆಕ್ಕವೊಂದು ಇರಬೇಕು. ಸಾಹುಕಾರ, ರೈತ, ಸಾಹುಕಾರನ ಆಳು, ಈ ಮೂರೇ ಪಾತ್ರಗಳ ಒಂದು ಸಣ್ಣ ಪ್ರಸಂಗವನ್ನು ನೋಡಿ.

ರೈತ ಬಿತ್ತನೆಗೆಂದು 10,000 ರೂಪಾಯಿ ಸಾಲ ಕೇಳುತ್ತಾನೆ. "ನೂರಕ್ಕೆ ಐದೇ ರೂಪಾಯಿ" ಎನ್ನುತ್ತಾನೆ ಸಾಹುಕಾರ. ಐದು ರೂಪಾಯಿ ಎಂದರೆ ಏನು ಮಹಾ ಎಂದುಕೊಂಡು ರೈತ ಹೆಬ್ಬೆಟ್ಟು ಒತ್ತುತ್ತಾನೆ. ಆಗ ಆಳು ತಲೆ ಕೆರೆದುಕೊಂಡು ಬೆರಳು ಎಣಿಸತೊಡಗುತ್ತಾನೆ. ನೂರಕ್ಕೆ ಐದು ಎಂದದ್ದು ವರ್ಷಕ್ಕಲ್ಲ, ತಿಂಗಳಿಗೆ. ಹತ್ತು ಸಾವಿರಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000. ಅಂದರೆ ನೂರಕ್ಕೆ ಅರವತ್ತು! ತಿಂಗಳು ತಿಂಗಳೂ ಬಡ್ಡಿ ಕಟ್ಟಲಾರದೆ ಅದನ್ನು ಅಸಲಿಗೆ ಸೇರಿಸುತ್ತಾ ಹೋದರೆ ವರ್ಷದ ಕೊನೆಗೆ ಸಾಲ 17,900 ರೂಪಾಯಿ ದಾಟುತ್ತದೆ. ಆಳು ಕೇಳುತ್ತಾನೆ: "ಧಣಿ, ನಮ್ಮ ಎತ್ತು ರಾತ್ರಿಯಾದರೆ ಮಲಗುತ್ತದೆ. ನಿಮ್ಮ ಬಡ್ಡಿ ಮಲಗುವುದು ಯಾವಾಗ?"

ಜನ ನಗುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ತಮ್ಮ ತಮ್ಮ ಸಾಲಕ್ಕೂ ಅದೇ ಲೆಕ್ಕ ಹಾಕುತ್ತಾರೆ. ಆಟದ ಗುರಿ ಅದೇ.

ಮತದ ವಿಷಯಕ್ಕೂ ಇಂಥದೇ ಲೆಕ್ಕವುಂಟು. ಮತಕ್ಕೆ 500 ರೂಪಾಯಿ ಪಡೆದವನು ಅದನ್ನು ಐದು ವರ್ಷದ ಅವಧಿಗೆ ಹಂಚಿ ನೋಡಲಿ. ದಿನಕ್ಕೆ ಸುಮಾರು 27 ಪೈಸೆ. ಒಂದು ಬೆಂಕಿಪೊಟ್ಟಣವೂ ಬಾರದು. ಮತಕ್ಕಾಗಿ ಹಣ ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ ಎಂಬ ಮಾತನ್ನು ಅಲ್ಲೇ ಹೇಳಿಸಬೇಕು.

ಇಂಥ ಆಟ ಕಟ್ಟುವ ಯುವಕ ಸಂಘದವರೂ ಮಹಿಳಾ ಮಂಡಲದವರೂ ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು.

ಮೊದಲನೆಯದಾಗಿ, ನಗು ಮೋಸದ ಮೇಲೆ ಬೀಳಲಿ, ಮೋಸಹೋದವನ ಮೇಲೆ ಬೇಡ. ಹೆಬ್ಬೆಟ್ಟು ಒತ್ತಿದ ರೈತನನ್ನು ಪೆದ್ದನೆಂದು ಆಡಿಕೊಂಡರೆ, ಅಂಥದೇ ಸಾಲದಲ್ಲಿ ಸಿಕ್ಕಿರುವವರು ಸಭೆಯಲ್ಲಿ ತಲೆ ತಗ್ಗಿಸುತ್ತಾರೆ. ನಾಚಿಕೆಯಿಂದ ಸಾಲವನ್ನು ಮುಚ್ಚಿಡುವವನಿಗೆ ಯಾರ ಸಹಾಯವೂ ಸಿಗದು. ಜಾತಿ, ಅಂಗವಿಕಲತೆ, ಬಡತನ ಇವುಗಳನ್ನು ಗೇಲಿಮಾಡಲೇಬೇಡಿ.

ಎರಡನೆಯದಾಗಿ, ಊರಿನ ಯಾರ ಹೆಸರನ್ನೂ ಎತ್ತಬೇಡಿ, ಯಾವ ಪಕ್ಷದ ಪರವೂ ಆಡಬೇಡಿ. ಹೆಸರು ಬಂದರೆ ಮಾತು ಜಗಳಕ್ಕೆ ತಿರುಗುತ್ತದೆ, ಲೆಕ್ಕ ಮರೆತುಹೋಗುತ್ತದೆ.

ಮೂರನೆಯದಾಗಿ, ಅಂಕಿಗಳನ್ನು ಶಾಲೆಯ ಮೇಷ್ಟ್ರಿಂದಲೋ ಸಹಕಾರ ಸಂಘದ ಕಾರ್ಯದರ್ಶಿಯಿಂದಲೋ ಮುಂಚೆಯೇ ತಿದ್ದಿಸಿಕೊಳ್ಳಿ. ಒಂದು ಅಂಕಿ ತಪ್ಪಿದರೂ ಉಳಿದುದನ್ನು ಜನ ನಂಬರು.

ಕೊನೆಯದಾಗಿ, ನಗಿಸಿ ಬಿಟ್ಟುಬಿಡಬೇಡಿ, ದಾರಿಯನ್ನೂ ತೋರಿಸಿ. ನಮ್ಮ ರಾಜ್ಯದಲ್ಲಿ ಲೇವಾದೇವಿ ನಡೆಸುವವರು 1961ರ ಕಾಯಿದೆಯಂತೆ ಪರವಾನಗಿ ಪಡೆದಿರಬೇಕು. ಮಿತಿಮೀರಿದ ಬಡ್ಡಿಯನ್ನು 2004ರ ಕಾಯಿದೆ ನಿಷೇಧಿಸಿದೆ. ಬೆಳೆಸಾಲಕ್ಕೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಿದೆ. ಈ ಮೂರು ಮಾತುಗಳನ್ನು ಆಳಿನ ಬಾಯಿಂದಲೇ ಆಡಿಸಿದರೆ ಯಾರಿಗೂ ಭಾಷಣವೆನಿಸದು.

ಮುಂದಿನ ಜಾತ್ರೆಗೋ ಗ್ರಾಮಸಭೆಯ ಹಿಂದಿನ ರಾತ್ರಿಗೋ ಕಾಲುಗಂಟೆಯ ಪ್ರಸಂಗವೊಂದನ್ನು ಸಿದ್ಧಮಾಡಿ. ರಾತ್ರಿ ಆಟದಲ್ಲಿ ನಕ್ಕವರು ಮರುದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳಿದರೆ ನಿಮ್ಮ ಶ್ರಮ ಸಾರ್ಥಕವಾದಂತೆಯೇ.